ಕೇಡಗಾಂವ್ ದಾಟುವಾಗ

ಪುಣೆಯಿಂದ ಕಲಬುರಗಿಗೆ, ನನ್ನ ತವರಿಗೆ, ರೈಲಿನಲ್ಲಿ ಹೋಗುವಾಗ ದೌಂಡ್‌ಗಿಂತ ಮೊದಲು ಕೇಡಗಾಂವ್ ಎಂಬ ಸಣ್ಣ ಸ್ಟೇಷನ್ ಬರುತ್ತದೆ. ನಮ್ಮ ಗಾಡಿ ಅಲ್ಲಿ ನಿಲ್ಲುವುದಿಲ್ಲ. ಹತ್ತು ವರ್ಷ ಲ್ಯಾಪ್‌ಟಾಪ್ ನೋಡುತ್ತಲೇ ಅದನ್ನು ದಾಟಿದ್ದೇನೆ. ಪಂಡಿತಾ ರಮಾಬಾಯಿಯವರು ಬದುಕಿನ ಕೊನೆಯ ವರ್ಷಗಳನ್ನು ಕಳೆದ ಊರು ಅದೆಂದು ತಿಳಿದದ್ದು ಈಚೆಗೆ.

ಅವರು ಹುಟ್ಟಿದ್ದು ನಮ್ಮ ಕಡೆಯೇ ಗೆಳತಿಯರೇ, 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೆ ಸಂಸ್ಕೃತ ಕಲಿಸಿ ಸಂಪ್ರದಾಯಸ್ಥರ ಸಿಟ್ಟಿಗೆ ಗುರಿಯಾದವರು. ಮಗಳು ಕಲಿತದ್ದು ತಾಯಿಯಿಂದ. ಕುಟುಂಬ ಪುರಾಣ ಹೇಳುತ್ತಾ ಊರೂರು ಅಲೆಯಿತು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ತಾಯಿಯ ಶವ ಹೊರಲು ಸಾಕಷ್ಟು ಜನ ಸಿಗದೆ ರಮಾಬಾಯಿಯೇ ಹೆಗಲು ಕೊಡಬೇಕಾಯಿತು. ಗಿಡ್ಡಗಿದ್ದುದರಿಂದ ಚಟ್ಟದ ತುದಿಯನ್ನು ತಲೆಯ ಮೇಲೆ ಹೊತ್ತರಂತೆ.

ಉಳಿದ ಅಣ್ಣ ತಂಗಿ ನಡೆಯುತ್ತಾ 1878ರಲ್ಲಿ ಕಲ್ಕತ್ತಾ ಸೇರಿದರು. ಅಲ್ಲಿನ ವಿದ್ವಾಂಸರು ಇಪ್ಪತ್ತರ ಹುಡುಗಿಯ ಸಂಸ್ಕೃತಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಅಣ್ಣ ತೀರಿಕೊಂಡ, ಜಾತಿ ಮೀರಿ ಮದುವೆಯಾದ ಬಂಗಾಳಿ ವಕೀಲ ಗಂಡ ಕಾಲರಾಕ್ಕೆ ಬಲಿಯಾದರು. 23 ವರ್ಷದ ವಿಧವೆ, ಕಂಕುಳಲ್ಲಿ ಮನೋರಮಾ ಎಂಬ ಕೂಸು.

1883ರಲ್ಲಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ಸಮಾಜ ಕೆಟ್ಟವರೆಂದು ದೂಡಿದ ಹೆಂಗಸರನ್ನು ಕ್ರೈಸ್ತ ಸೋದರಿಯರು ಆರೈಕೆ ಮಾಡುವುದನ್ನು ಕಂಡರು. ಇಂಥವರ ಬಳಿಗೆ ಹೋಗಲು ಇವರಿಗೆ ಕಲಿಸಿದವರು ಯಾರು ಎಂಬ ಪ್ರಶ್ನೆ ಅವರನ್ನು ಕ್ರಿಸ್ತನತ್ತ ಒಯ್ದಿತು. ಅದೇ ವರ್ಷ ದೀಕ್ಷಾಸ್ನಾನ ಪಡೆದರು. ಹಾಗೆಂದು ಪಾದ್ರಿಗಳು ಹೇಳಿದ್ದಕ್ಕೆಲ್ಲ ತಲೆಯಾಡಿಸಲಿಲ್ಲ, ಅವರೊಂದಿಗೂ ವಾದಿಸಿದರು.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಧರ್ಮಬೋಧನೆ ಇಲ್ಲ ಎಂಬ ಭರವಸೆಯಿತ್ತು. ಆದರೆ ಹುಡುಗಿಯರು ಅವರ ಪ್ರಾರ್ಥನೆಗೆ ಬಂದು ಕೂರತೊಡಗಿದರು, ಅವರು ತಡೆಯಲಿಲ್ಲ. ತಿಲಕರ ಕೇಸರಿ ಹರಿಹಾಯ್ದಿತು, ರಾನಡೆ ಮತ್ತು ಭಂಡಾರ್ಕರ್ ಬೆಂಬಲ ಹಿಂತೆಗೆದರು, ಅನೇಕರು ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ಅವರ ಸಿಟ್ಟು ಪೂರ್ತಿ ತಪ್ಪೆಂದು ನನಗನ್ನಿಸುವುದಿಲ್ಲ.

ಆದರೆ 1896ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಬರ ಬಿದ್ದಾಗ ಹೊರಟು ನಿಂತವರೂ ಅವರೇ. ಹಸಿವು ಹುಡುಗಿಯರನ್ನು ಎಲ್ಲಿಗೆ ತಳ್ಳುತ್ತದೆಂದು ಅವರಿಗೆ ಗೊತ್ತಿತ್ತು. ಎಲುಬುಗೂಡಾದ, ಹೇನು ತುಂಬಿದ, ರೋಗ ಹಿಡಿದ ನೂರಾರು ಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗ್ ಇತ್ತು. ಹಾಗಾಗಿ ಕೇಡಗಾಂವ್‌ನ ನೂರು ಎಕರೆ ಜಮೀನಿನಲ್ಲಿ ಮುಕ್ತಿ ಸದನ ಎದ್ದಿತು. 1900ರ ಬರದ ಹೊತ್ತಿಗೆ ಅಲ್ಲಿ ಸುಮಾರು 2 ಸಾವಿರ ಜನ. ಅಷ್ಟು ಜನಕ್ಕೆ ನೀರು, ಜೋಳ, ಬಟ್ಟೆ, ಔಷಧ! ಮೂವತ್ತು ಜನರ ಟೀಮ್ ನಡೆಸುವುದರಲ್ಲೇ ನನಗೆ ತಲೆನೋವು ಬರುತ್ತದೆ. ನೇಯ್ಗೆ, ಹೈನು, ಬೇಸಾಯ, ಮುದ್ರಣ ಎಲ್ಲವನ್ನೂ ಹೆಂಗಸರೇ ಕಲಿತರು. ಅಂಧರಿಗೂ ಮುದುಕಿಯರಿಗೂ ಜಾಗವಿತ್ತು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಕೆಲಸ. ಇದ್ದ ಮರಾಠಿ ಬೈಬಲಿನ ಸಂಸ್ಕೃತಭರಿತ ಭಾಷೆ ಈ ಹಳ್ಳಿ ಹೆಣ್ಣುಮಕ್ಕಳಿಗೆ ಅರ್ಥವಾಗುತ್ತಿರಲಿಲ್ಲ. ಕಲ್ಕತ್ತಾವನ್ನು ಸಂಸ್ಕೃತದಿಂದಲೇ ಗೆದ್ದ ಈ ಪಂಡಿತೆ ನಡುವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಕಲಿತು, ಆಡುಮಾತಿನ ಮರಾಠಿಯಲ್ಲಿ ಇಡೀ ಗ್ರಂಥವನ್ನು ಹೊಸದಾಗಿ ಅನುವಾದಿಸಿದರು. ಅಚ್ಚುಮೊಳೆ ಜೋಡಿಸಿದ್ದು ಬರದಿಂದ ಬದುಕುಳಿದ ಅದೇ ಹೆಣ್ಣುಮಕ್ಕಳು.

1912ರಲ್ಲಿ ತಾಯಿ ಮಗಳು ಸೇರಿ ನಮ್ಮ ಗುಲ್ಬರ್ಗಾದಲ್ಲೂ ಶಾಲೆ ತೆರೆದರು. ಮನೋರಮಾ ಅದನ್ನು ನಡೆಸಿದರು. 1921ರ ಜುಲೈಯಲ್ಲಿ ಮಗಳು ತೀರಿಕೊಂಡಳು. 1922ರ ಏಪ್ರಿಲ್ 5ರಂದು ರಮಾಬಾಯಿ ಹೋದರು, ಅನುವಾದ ಮುಗಿಸಿಯೇ.

ಹೋದ ತಿಂಗಳು ಊರಿಗೆ ಹೋಗುವಾಗ ಲ್ಯಾಪ್‌ಟಾಪ್ ಮುಚ್ಚಿಟ್ಟು ಕಿಟಕಿಯ ಬಳಿ ಕೂತಿದ್ದೆ. ಗಾಡಿ ಜೋರಾಗಿತ್ತು, ಹಳದಿ ಬೋರ್ಡ್ ಮಾತ್ರ ಕಂಡಿತು. ದೀಪಾವಳಿಗೆ ಮುಂಚೆ ಮಗಳನ್ನು ಕರೆದುಕೊಂಡು ಲೋಕಲ್ ಗಾಡಿಯಲ್ಲಿ ಹೋಗಿ ಇಳಿಯಬೇಕೆಂದಿದ್ದೇನೆ. ಬರುವವರಿದ್ದರೆ ತಿಳಿಸಿ.