ಒಂದೇ ಕೋಶದ ಬೆನ್ನು ಹತ್ತಿದವರು

ನಮ್ಮ ಜಾಂಬೋಟಿ ಕಡೆ ಹೊಲದಲ್ಲಿ ಜೇಕಿನ ಕಾಟ. ಮೇಲಿನ ಹುಲ್ಲು ಕಿತ್ತರೆ ಹೊಲ ಸ್ವಚ್ಛವಾದಂತೆ ಕಾಣುತ್ತದೆ. ಮಣ್ಣೊಳಗೆ ಒಂದು ಗಡ್ಡೆ ಉಳಿದಿದ್ದರೂ ಸಾಕು, ಮತ್ತೆ ಹಾಜರು. ಆಪರೇಷನ್ ಆಗಿ, ಎಲ್ಲ ಸರಿಹೋಯಿತು ಎಂದುಕೊಂಡ ಮರುವರ್ಷವೇ ನಮ್ಮ ಕಾಕಾನ ಲಿವರ್ ಕ್ಯಾನ್ಸರ್ ಮರಳಿದಾಗ ನನಗೆ ನೆನಪಾಗಿದ್ದು ಈ ಜೇಕು. ಆಗ ನಾನು ಬಿ.ಎಸ್ಸಿ ಕೊನೆಯ ವರ್ಷ. ಕೊಯ್ದು ತೆಗೆದದ್ದು ಹೇಗೆ ಮರಳುತ್ತದೆ ಎಂದು ಬೆಳಗಾವಿ ಬಸ್ಸಿನಲ್ಲಿ ಮೊಬೈಲ್ ಹಿಡಿದು ಹುಡುಕುತ್ತಿದ್ದವನಿಗೆ ಸಿಕ್ಕವರು ಜಪಾನಿನ ತೊಮಿಜೊ ಯೋಶಿದಾ.

ಅವರು ಹುಟ್ಟಿದ್ದು 1903ರಲ್ಲಿ, ಫುಕುಶಿಮಾ ಪ್ರಾಂತ್ಯದ ಅಸಕಾವಾದಲ್ಲಿ. 1927ರಲ್ಲಿ ಟೋಕಿಯೊದಲ್ಲಿ ವೈದ್ಯ ಪದವಿ ಪಡೆದು, ತಕಾಓಕಿ ಸಾಸಾಕಿ ಅವರ ಸಂಶೋಧನಾ ಸಂಸ್ಥೆ ಸೇರಿದರು. ಕೆಲಸ ಇಲಿಗಳ ಜೊತೆ. ಬಣ್ಣದ ರಾಸಾಯನಿಕವೊಂದನ್ನು ಆಹಾರದಲ್ಲಿ ಬೆರೆಸಿ ತಿಂಗಳುಗಟ್ಟಲೆ ತಿನ್ನಿಸಿದಾಗ ಇಲಿಗಳ ಲಿವರ್‌ನಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. ಅದು 1932. ಅದಕ್ಕೂ ಮೊದಲು ಜಪಾನಿನಲ್ಲೇ ಮೊಲದ ಕಿವಿಗೆ ಡಾಂಬರು ಹಚ್ಚಿ ಕ್ಯಾನ್ಸರ್ ಬರಿಸಿದ್ದರು. ತಿಂದ ವಸ್ತು ದೇಹದ ಒಳಗಿನ ಅಂಗವನ್ನೂ ಹೀಗೆ ಕೆಡಿಸಬಲ್ಲದು ಎಂದು ತೋರಿಸಿದ್ದು ಈ ಗುರು-ಶಿಷ್ಯರು.

ಮುಂದೆ ಜರ್ಮನಿಗೆ ಹೋಗಿ ಬಂದು ನಾಗಸಾಕಿ ವೈದ್ಯಕೀಯ ಕಾಲೇಜಿನಲ್ಲಿ ಪ್ರೊಫೆಸರ್ ಆದರು. 1943ರಲ್ಲಿ ಇಲಿಯೊಂದರ ಹೊಟ್ಟೆಯಲ್ಲಿ ತುಂಬಿದ್ದ ನೀರಿನಲ್ಲಿ ಕ್ಯಾನ್ಸರ್ ಕೋಶಗಳು ಬಿಡಿಬಿಡಿಯಾಗಿ ತೇಲುತ್ತಿದ್ದವು. ಗಡ್ಡೆಯಾದರೆ ಕೊಯ್ದು ನೋಡಬೇಕು. ಇಲ್ಲಿ ಒಂದು ಹನಿ ಸಾಕು. ಆದರೆ ಆ ಹನಿಯನ್ನು ಇಲಿಯಿಂದ ಇಲಿಗೆ ದಾಟಿಸುತ್ತಲೇ ಇರಬೇಕು, ತಪ್ಪಿದರೆ ತಳಿ ಅಲ್ಲಿಗೆ ಮುಗಿಯಿತು. 1944ರಲ್ಲಿ ಅವರು ಸೆಂಡೈ ನಗರದ ವಿಶ್ವವಿದ್ಯಾಲಯಕ್ಕೆ ಹೋದರು, ತಳಿಯೂ ಜೊತೆಗೆ ಹೋಯಿತು. ಮರುವರ್ಷ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಅಣುಬಾಂಬ್ ಬಿದ್ದು ಆ ಕಾಲೇಜು ನಾಶವಾಯಿತು. ಒಂದು ಕೆಲಸ ಬದಲಾದದ್ದು ಎಷ್ಟನ್ನು ಉಳಿಸಿತು ನೋಡಿ.

ಸೆಂಡೈನಲ್ಲಿ, ಯುದ್ಧ ಮುಗಿದ ಮೇಲಿನ ಬಡತನದ ದಿನಗಳಲ್ಲಿ, ಅವರ ತಂಡ ಒಂದೇ ಒಂದು ಕೋಶವನ್ನು ಹೆಕ್ಕಿ ಆರೋಗ್ಯವಂತ ಇಲಿಗೆ ಹಾಕಿ ನೋಡಿತು. ಪ್ರತಿ ಸಲವೂ ಅಲ್ಲ, ಕೆಲವು ಸಲ ಮಾತ್ರ, ಆ ಒಂದರಿಂದಲೇ ಪೂರ್ತಿ ಕ್ಯಾನ್ಸರ್ ಬೆಳೆಯಿತು. ಈ ಸಾಲು ಓದುವಾಗ ನಾನು ಇಳಿಯಬೇಕಾದ ಸ್ಟಾಪ್ ದಾಟಿ ಹೋಗಿತ್ತು. ಆಮೇಲೆ ಲಿವರ್ ಕ್ಯಾನ್ಸರಿನದೇ ಹಲವು ತಳಿ ಬೆಳೆಸಿದರು. ಒಂದರ ಸ್ವಭಾವ ಇನ್ನೊಂದಕ್ಕಿರಲಿಲ್ಲ.

ಒಂದು ಕೋಶಕ್ಕೆ ಅಷ್ಟು ಶಕ್ತಿ ಎಲ್ಲಿಂದ? ಅದರ ವಿವರ ಸಿಕ್ಕಿದ್ದು ಅವರ ಕಾಲದ ನಂತರ. ಲಿವರ್ ಕ್ಯಾನ್ಸರಿನ ಕೆಲವು ಕೋಶಗಳು ಕಾಂಡಕೋಶಗಳಂತೆ ವರ್ತಿಸುತ್ತವೆ, ಅಂದರೆ ತಮ್ಮಂಥವನ್ನೂ ಬೇರೆ ಬಗೆಯವನ್ನೂ ಹುಟ್ಟಿಸುತ್ತಲೇ ಇರಬಲ್ಲವು. ಬೀಟಾ-ಕ್ಯಾಟೆನಿನ್ ಎಂಬ ಪ್ರೋಟೀನ್ ಹೆಚ್ಚಾದಾಗ ಮಾಮೂಲಿ ಕೋಶ ಅದನ್ನು ಒಡೆದು ಹಾಕುತ್ತದೆ. ಇಂಥ ಎಷ್ಟೋ ಕ್ಯಾನ್ಸರ್ ಕೋಶಗಳಲ್ಲಿ ಅದು ಒಡೆಯದೆ ಉಳಿದು, ಕೋಶಕೇಂದ್ರಕ್ಕೆ ನುಗ್ಗಿ, ಬೆಳವಣಿಗೆಯ ಜೀನುಗಳನ್ನು ಚಾಲೂ ಇಡುತ್ತದೆ. ಒಳಬಂದ ಔಷಧವನ್ನು ಹೊರದಬ್ಬುವ ಪಂಪುಗಳೂ ಉಂಟು. ಕೆಲವು ಸುಮ್ಮನೆ ಮಲಗಿರುತ್ತವೆ. ಬೇಗ ಬೇಗ ಒಡೆದು ಎರಡಾಗುವ ಕೋಶಗಳನ್ನು ಹುಡುಕಿ ಕೊಲ್ಲುವ ಔಷಧಕ್ಕೆ ಇವು ಸಿಗುವುದಿಲ್ಲ. ಮಣ್ಣೊಳಗಿನ ಜೇಕಿನ ಗಡ್ಡೆಯೇ.

1966ರಲ್ಲಿ ಟೋಕಿಯೊದಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಮ್ಮೇಳನ ನಡೆದಾಗ ಯೋಶಿದಾ ಅವರೇ ಅಧ್ಯಕ್ಷರು. 1973ರಲ್ಲಿ ತೀರಿಕೊಂಡರು. ಅವರ ಲಿವರ್ ಕ್ಯಾನ್ಸರ್ ತಳಿಗಳಲ್ಲಿ ಒಂದಾದ ಎಎಚ್-130 ಅವರ ನಂತರವೂ ದೇಶ ದೇಶಗಳ ಪ್ರಯೋಗಾಲಯಗಳಲ್ಲಿ ಇಲಿಯಿಂದ ಇಲಿಗೆ ದಾಟುತ್ತಾ ಬಂದಿದೆ.

ಕಾಕಾ ಉಳಿಯಲಿಲ್ಲ. ನಾನು ಎಂ.ಎಸ್ಸಿ ಬಯೋಟೆಕ್ನಾಲಜಿಗೆ ಅರ್ಜಿ ಹಾಕಿದ್ದೇನೆ. ಅಪ್ಪ ತಂದುಕೊಟ್ಟ ಬ್ಯಾಂಕ್ ಪರೀಕ್ಷೆಯ ಪುಸ್ತಕಗಳೂ ಪಕ್ಕದಲ್ಲೇ ಇವೆ.