ಕ್ಷಣ ಕ್ಷಣದ ಸೃಷ್ಟಿ: ಇಮಾಮ್ ಗಝಾಲಿಯವರ ಬದುಕು ಮತ್ತು ಚಿಂತನೆ

ಅಲ್ಲಾಹನು ಈ ವಿಶ್ವವನ್ನು ಒಮ್ಮೆ ಸೃಷ್ಟಿಸಿ, ಕೀಲಿ ಕೊಟ್ಟ ಗಡಿಯಾರದಂತೆ ಅದರ ಪಾಡಿಗೆ ಬಿಟ್ಟುಬಿಟ್ಟನೇ? ಅಥವಾ ಈ ಕ್ಷಣದಲ್ಲೂ ಸೃಷ್ಟಿಸುತ್ತಲೇ ಇರುವನೇ? ಪವಿತ್ರ ಕುರ್‌ಆನಿನ ಸೂರಃ ಅರ್ರಹ್ಮಾನ್‌ನ 29ನೆಯ ವಚನವು ಸೃಷ್ಟಿಕರ್ತನು ಸದಾ ಕಾರ್ಯನಿರತನೆಂದು ತಿಳಿಸುತ್ತದೆ. ಈ ವಿಷಯವನ್ನು ಆಳವಾಗಿ ಚಿಂತಿಸಿದ ವಿದ್ವಾಂಸರಲ್ಲಿ ಹುಜ್ಜತುಲ್ ಇಸ್ಲಾಮ್ ಎಂದು ಖ್ಯಾತರಾದ ಇಮಾಮ್ ಅಬೂ ಹಾಮಿದ್ ಮುಹಮ್ಮದ್ ಗಝಾಲಿ(ರ)ಯವರು ಪ್ರಮುಖರು. ತಾವು ಗ್ರಂಥದಲ್ಲಿ ಬರೆದದ್ದನ್ನು ತಮ್ಮ ಬದುಕಿನಲ್ಲೇ ಅನುಭವಿಸಿದ್ದು ಅವರ ವಿಶೇಷ.

ಗಝಾಲಿಯವರು ಹಿಜರಿ 450ರಲ್ಲಿ, ಅಂದರೆ ಕ್ರಿ.ಶ. 1058ರಲ್ಲಿ, ಇಂದಿನ ಇರಾನಿನ ಈಶಾನ್ಯದಲ್ಲಿರುವ ತೂಸ್ ಪ್ರದೇಶದಲ್ಲಿ ಜನಿಸಿದರೆಂದು ಚರಿತ್ರೆಕಾರರು ಬರೆದಿದ್ದಾರೆ. ತಂದೆ ಉಣ್ಣೆ ನೂತು ಮಾರಿ ಜೀವನ ಸಾಗಿಸುತ್ತಿದ್ದ ಬಡವರು. ಮರಣಕ್ಕೆ ಮುನ್ನ ಅವರು ಮುಹಮ್ಮದ್ ಮತ್ತು ಅಹ್ಮದ್ ಎಂಬ ತಮ್ಮ ಇಬ್ಬರು ಮಕ್ಕಳನ್ನು ಸೂಫಿ ಮಿತ್ರರೊಬ್ಬರಿಗೆ ಒಪ್ಪಿಸಿದರು. ಇದ್ದ ಅಲ್ಪ ಹಣ ಮುಗಿದಾಗ, ಆ ಮಿತ್ರರು ಊಟ ಸಿಗುವ ಮದ್ರಸಕ್ಕೆ ಸೇರಿಕೊಳ್ಳುವಂತೆ ಮಕ್ಕಳಿಗೆ ಸಲಹೆ ನೀಡಿದರು. ಹೀಗೆ ಹೊಟ್ಟೆಪಾಡಿಗಾಗಿ ಮದ್ರಸದ ಹೊಸ್ತಿಲು ತುಳಿದ ಬಾಲಕ ಮುಂದೆ ತನ್ನ ಕಾಲದ ಮಹಾನ್ ವಿದ್ವಾಂಸನಾದನು.

ಉನ್ನತ ಶಿಕ್ಷಣಕ್ಕಾಗಿ ಗಝಾಲಿಯವರು ನೈಶಾಪುರಕ್ಕೆ ಹೋಗಿ ಇಮಾಮುಲ್ ಹರಮೈನ್ ಜುವೈನಿಯವರ ಶಿಷ್ಯರಾದರು. ಜುವೈನಿಯವರು ಅಶ್‌ಅರೀ ಪಂಥದ ವಿದ್ವಾಂಸರು. ಆ ಪಂಥದ ಪ್ರಕಾರ ಎಲ್ಲ ವಸ್ತುಗಳೂ ಸೂಕ್ಷ್ಮ ಕಣಗಳಿಂದ ಕೂಡಿವೆ. ಅವುಗಳ ಬಣ್ಣ, ಬಿಸಿ, ಚಲನೆ ಮೊದಲಾದ ಗುಣಗಳು ತಾವಾಗಿಯೇ ಎರಡು ಕ್ಷಣ ಉಳಿಯಲಾರವು. ಅಲ್ಲಾಹನು ಅವುಗಳನ್ನು ಪ್ರತಿ ಕ್ಷಣವೂ ಹೊಸದಾಗಿ ಸೃಷ್ಟಿಸುತ್ತಿರುವುದರಿಂದಲೇ ಜಗತ್ತು ನಿಂತಿದೆ.

1085ರಲ್ಲಿ ಗುರುಗಳು ನಿಧನರಾದರು. ಬಳಿಕ ಗಝಾಲಿಯವರು ಸೆಲ್ಜೂಕ್ ಸಾಮ್ರಾಜ್ಯದ ಪ್ರಧಾನ ಮಂತ್ರಿ ನಿಝಾಮುಲ್ ಮುಲ್ಕ್ ಅವರ ಆಸ್ಥಾನ ಸೇರಿದರು. 1091ರಲ್ಲಿ ಮಂತ್ರಿಗಳು ಅವರನ್ನು ಬಗ್ದಾದಿನ ನಿಝಾಮಿಯ್ಯ ಮದ್ರಸದ ಮುಖ್ಯ ಅಧ್ಯಾಪಕರನ್ನಾಗಿ ನೇಮಿಸಿದರು. ಸುಮಾರು 300 ವಿದ್ಯಾರ್ಥಿಗಳು ಅವರ ಪಾಠ ಕೇಳುತ್ತಿದ್ದರು. ಬಿಡುವಿನ ವೇಳೆಯಲ್ಲಿ ಅವರು ಇಬ್ನ್ ಸೀನಾ ಮೊದಲಾದ ತತ್ತ್ವಜ್ಞಾನಿಗಳ ಗ್ರಂಥಗಳನ್ನು ಓದಿದರು. ಜಗತ್ತು ಅನಾದಿಯಾದುದು, ಕಾರಣವಿದ್ದಲ್ಲಿ ಪರಿಣಾಮವು ಅನಿವಾರ್ಯ ಎಂಬುದು ಆ ತತ್ತ್ವಜ್ಞಾನಿಗಳ ವಾದವಾಗಿತ್ತು. ಇದನ್ನು ಹಾಗೆಯೇ ಒಪ್ಪಿದರೆ ದೇವನ ಇಚ್ಛೆಗೆ, ಪ್ರವಾದಿಗಳ ಪವಾಡಗಳಿಗೆ ಸ್ಥಾನವೆಲ್ಲಿ? ಇದಕ್ಕೆ ಉತ್ತರವಾಗಿ ಅವರು 20 ಪ್ರಶ್ನೆಗಳನ್ನು ಚರ್ಚಿಸುವ ತಹಾಫುತುಲ್ ಫಲಾಸಿಫಾ ಗ್ರಂಥವನ್ನು ರಚಿಸಿ 1095ರ ಆರಂಭದಲ್ಲಿ ಮುಗಿಸಿದರು.

ಅದರ 17ನೆಯ ಚರ್ಚೆ ಬೆಂಕಿ ಮತ್ತು ಹತ್ತಿಯ ಕುರಿತಾದುದು. ಹತ್ತಿಗೆ ಬೆಂಕಿ ತಗುಲಿದಾಗ ಹತ್ತಿ ಉರಿಯುವುದನ್ನು ನಾವು ಕಾಣುತ್ತೇವೆ. ಆದರೆ ಕಂಡದ್ದು ಒಂದರ ಜೊತೆಗೆ ಇನ್ನೊಂದು ನಡೆದುದನ್ನು ಮಾತ್ರ. ನಿರ್ಜೀವವಾದ ಬೆಂಕಿಯೇ ಸ್ವಂತ ಶಕ್ತಿಯಿಂದ ಸುಟ್ಟಿತೆಂಬುದನ್ನು ಯಾರೂ ಕಂಡಿಲ್ಲ. ಉರಿಯುವಿಕೆಯನ್ನು ಆ ಕ್ಷಣದಲ್ಲಿ ಸೃಷ್ಟಿಸುವವನು ಅಲ್ಲಾಹನು ಎಂದು ಅವರು ವಾದಿಸಿದರು. ಇದಕ್ಕೊಂದು ಉದಾಹರಣೆಯನ್ನೂ ಕೊಟ್ಟರು. ಹುಟ್ಟುಕುರುಡನೊಬ್ಬನ ಕಣ್ಣಿನ ಪೊರೆ ಹಗಲಿನಲ್ಲಿ ಕಳಚಿತೆನ್ನಿ. ಬಣ್ಣಗಳು ಕಾಣುವುದಕ್ಕೆ ತನ್ನ ಕಣ್ಣು ತೆರೆದದ್ದೇ ಕಾರಣವೆಂದು ಅವನು ಭಾವಿಸುತ್ತಾನೆ. ಸೂರ್ಯ ಮುಳುಗಿ ಕತ್ತಲಾದಾಗಲೇ ಬೆಳಕೆಂಬುದೊಂದು ಇತ್ತೆಂದು ಅವನಿಗೆ ತಿಳಿಯುವುದು.

ಹಾಗಾದರೆ ಮನೆಯಲ್ಲಿಟ್ಟು ಬಂದ ಪುಸ್ತಕ ಹುಡುಗನಾಗಿ ಮಾರ್ಪಟ್ಟಿರಬಹುದೇ ಎಂದು ಯಾರಾದರೂ ಗೇಲಿ ಮಾಡಬಹುದಲ್ಲವೇ? ಈ ಆಕ್ಷೇಪವನ್ನು ಗಝಾಲಿಯವರೇ ಎತ್ತಿಕೊಂಡು ಉತ್ತರಿಸಿದ್ದಾರೆ. ಅಲ್ಲಾಹನು ತನ್ನ ಸೃಷ್ಟಿಕಾರ್ಯವನ್ನು ಒಂದು ಕ್ರಮದಲ್ಲಿ ನಡೆಸುತ್ತಾನೆ. ಆ ಕ್ರಮದ ಅರಿವನ್ನೂ ನಮ್ಮಲ್ಲಿ ಅವನೇ ಸೃಷ್ಟಿಸಿದ್ದಾನೆ. ಆದುದರಿಂದ ಪುಸ್ತಕ ಇಟ್ಟಲ್ಲಿಯೇ ಇರುತ್ತದೆಂದು ನಾವು ನಿಶ್ಚಿಂತೆಯಿಂದ ನಂಬಬಹುದು.

ಈ ಗ್ರಂಥ ಮುಗಿದ ಕೆಲವೇ ತಿಂಗಳಲ್ಲಿ, 1095ರ ಜುಲೈನಲ್ಲಿ, ಗಝಾಲಿಯವರ ನಾಲಗೆಯೇ ಕಟ್ಟಿಹೋಯಿತು. ಪಾಠ ಹೇಳಲು ಕುಳಿತರೆ ಒಂದು ಶಬ್ದವೂ ಹೊರಡಲಿಲ್ಲ. ಅನ್ನ ನೀರು ಗಂಟಲಿಗಿಳಿಯಲಿಲ್ಲ. ಇದು ಮನಸ್ಸಿನ ರೋಗವೆಂದು ಹೇಳಿ ವೈದ್ಯರು ಕೈಚೆಲ್ಲಿದರು. ತಾನು ಕಲಿಸುತ್ತಿರುವುದು ದೇವನಿಗಾಗಿಯೋ ಕೀರ್ತಿಗಾಗಿಯೋ ಎಂಬ ಪ್ರಶ್ನೆ ಅವರನ್ನು ಒಳಗೊಳಗೇ ಕೊರೆಯುತ್ತಿತ್ತು. ಪ್ರತಿಯೊಂದು ಮಾತೂ ಸೃಷ್ಟಿಕರ್ತನ ಕೊಡುಗೆ ಎಂದು ವಾದಿಸಿದವರಿಗೆ ಅದರ ಸತ್ಯ ಸ್ವಂತ ಬಾಯಿಯಲ್ಲೇ ಅರಿವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಅವರು ಕುಟುಂಬದ ಅಗತ್ಯಕ್ಕೆ ಬೇಕಾದಷ್ಟನ್ನು ಉಳಿಸಿ, ಮಿಕ್ಕ ಸಂಪತ್ತನ್ನು ಹಂಚಿ, ಹುದ್ದೆ ತೊರೆದು ಬಗ್ದಾದ್ ಬಿಟ್ಟರು.

ದಮಾಸ್ಕಸ್, ಜೆರುಸಲೇಮ್, ಹೆಬ್ರಾನ್‌ಗಳಲ್ಲಿ ಆರಾಧನೆ ಮತ್ತು ಏಕಾಂತದಲ್ಲಿ ಕಳೆದು ಹಜ್ ನಿರ್ವಹಿಸಿದರು. ಇಹ್ಯಾ ಉಲೂಮುದ್ದೀನ್ ಎಂಬ 40 ಭಾಗಗಳ ಮಹಾಗ್ರಂಥ ರೂಪುಗೊಂಡದ್ದು ಈ ವರ್ಷಗಳಲ್ಲಿ. ಅದರ ತೌಹೀದ್ ಮತ್ತು ತವಕ್ಕುಲ್ ಕುರಿತ ಭಾಗದಲ್ಲಿ ಇರುವೆಯ ದೃಷ್ಟಾಂತ ಬರುತ್ತದೆ. ಕಾಗದದ ಮೇಲೆ ಹರಿಯುವ ಇರುವೆಗೆ ಲೇಖನಿಯ ಮೊನೆಯಷ್ಟೇ ಕಾಣುತ್ತದೆ. ಕಾಗದವನ್ನು ಕಪ್ಪು ಮಾಡುತ್ತಿರುವುದು ಆ ಮೊನೆಯೇ ಎಂದು ಅದು ತಿಳಿಯುತ್ತದೆ. ಬೆರಳಾಗಲಿ, ಕೈಯಾಗಲಿ, ಬರೆಯುವವನಾಗಲಿ ಅದರ ದೃಷ್ಟಿಗೆ ನಿಲುಕುವುದಿಲ್ಲ.

ಈ ಚಿಂತನೆಯನ್ನು ತಪ್ಪಾಗಿ ತಿಳಿದು, ಎಲ್ಲವನ್ನೂ ಅಲ್ಲಾಹನೇ ಮಾಡುವಾಗ ನಾವೇಕೆ ಓದಬೇಕು, ಔಷಧ ಏಕೆ ಬೇಕು ಎನ್ನುವವರಿದ್ದಾರೆ. ಗಝಾಲಿಯವರು ಇದನ್ನು ಒಪ್ಪುವುದಿಲ್ಲ. ಹಸಿದವನು ಎದುರಿಗಿರುವ ಅನ್ನಕ್ಕೆ ಕೈ ಚಾಚದೆ ಕುಳಿತರೆ ಅದು ತವಕ್ಕುಲ್ ಅಲ್ಲ, ಹುಚ್ಚುತನ ಎಂಬುದು ಅವರ ಅಭಿಪ್ರಾಯ. ವೈದ್ಯಶಾಸ್ತ್ರ ಮತ್ತು ಗಣಿತವನ್ನು ಅವರು ಸಮುದಾಯದ ಮೇಲಿನ ಕಡ್ಡಾಯ ಹೊಣೆ, ಅಂದರೆ ಫರ್ಝ್ ಕಿಫಾಯ, ಎಂದು ಪರಿಗಣಿಸಿದರು. ಗ್ರಹಣದ ಕುರಿತು ಲೆಕ್ಕಾಚಾರದಿಂದ ಸಾಬೀತಾದ ವಿಷಯಗಳನ್ನು ಧರ್ಮದ ಹೆಸರಿನಲ್ಲಿ ಅಲ್ಲಗಳೆಯುವವನು ಧರ್ಮಕ್ಕೇ ಹಾನಿ ಮಾಡುತ್ತಾನೆಂದು ತಹಾಫುತ್‌ನ ಆರಂಭದಲ್ಲೇ ಎಚ್ಚರಿಸಿದರು.

ಅವರ ವಾದವನ್ನು ಎಲ್ಲರೂ ಒಪ್ಪಲಿಲ್ಲ. ಕಾರಣಗಳನ್ನು ನಿರಾಕರಿಸಿದರೆ ಜ್ಞಾನಕ್ಕೇ ನೆಲೆ ಇಲ್ಲವಾಗುತ್ತದೆ ಎಂದು ಕೊರ್ಡೋವಾದ ಇಬ್ನ್ ರುಶ್ದ್ (1126-1198) ತಹಾಫುತುತ್ತಹಾಫುತ್ ಗ್ರಂಥದಲ್ಲಿ ಪ್ರತಿವಾದಿಸಿದರು. ಮುಸ್ಲಿಮರಲ್ಲಿ ವಿಜ್ಞಾನ ಕುಂಠಿತವಾಗಲು ಗಝಾಲಿಯವರೇ ಕಾರಣವೆಂದು ದೂರುವವರೂ ಇದ್ದಾರೆ. ಆದರೆ ಅವರ ನಂತರವೂ ಅದೇ ತೂಸ್‌ನಲ್ಲಿ ನಸೀರುದ್ದೀನ್ ತೂಸಿಯಂತಹ ಖಗೋಳಜ್ಞರು ಹುಟ್ಟಿದರು. 1259ರಲ್ಲಿ ಮರಾಗಾದ ವೀಕ್ಷಣಾಲಯದ ಕೆಲಸ ಆರಂಭವಾದುದು ತೂಸಿಯವರ ನೇತೃತ್ವದಲ್ಲಿ.

1106ರಲ್ಲಿ ಗಝಾಲಿಯವರು ನೈಶಾಪುರದ ನಿಝಾಮಿಯ್ಯದಲ್ಲಿ ಮತ್ತೆ ಪಾಠ ಹೇಳತೊಡಗಿದರು. ಕೊನೆಗೆ ತೂಸ್‌ಗೆ ಮರಳಿ 1111ರ ಡಿಸೆಂಬರಿನಲ್ಲಿ ಇಹಲೋಕ ತ್ಯಜಿಸಿದರು.

ವಿದ್ಯಾರ್ಥಿ ಮಿತ್ರರೇ, ಪ್ರಯೋಗಾಲಯದಲ್ಲಿ ನೀವು ಅರಿಯುವ ನಿಯಮಗಳು ಅಲ್ಲಾಹನು ಮುರಿಯದೆ ನಡೆಸಿಕೊಂಡು ಬಂದಿರುವ ಕ್ರಮ. ಅವುಗಳನ್ನು ಶ್ರದ್ಧೆಯಿಂದ ಕಲಿಯಿರಿ. ಜೊತೆಗೆ, ಮುಂದಿನ ಉಸಿರು ಕೂಡ ಅವನು ಹೊಸದಾಗಿ ಕೊಡಬೇಕಾದದ್ದು ಎಂಬ ವಿನಯ ನಿಮ್ಮಲ್ಲಿರಲಿ. ಗಝಾಲಿಯವರ ಬದುಕು ಈ ಎರಡನ್ನೂ ಒಟ್ಟಿಗೆ ಕಲಿಸುತ್ತದೆ.