ಅಂಗಡಿಯಿಂದ ರಾಜಭವನಕ್ಕೆ: ಮೋಹನಲಾಲ್ ಸುಖಾಡಿಯಾ

1973ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದಾಗ ಇಲ್ಲಿ ರಾಜ್ಯಪಾಲರಾಗಿದ್ದವರು ಜೈನ ಕುಟುಂಬದಲ್ಲಿ ಹುಟ್ಟಿದ ಶ್ರೀ ಮೋಹನಲಾಲ್ ಸುಖಾಡಿಯಾ. ನಮ್ಮ ಸಮಾಜದ ಅನೇಕರಿಗೆ ಇದು ಗೊತ್ತಿರಲಿಕ್ಕಿಲ್ಲ.

1916ರ ಜುಲೈ 31ರಂದು ರಾಜಸ್ಥಾನದ ಝಾಲರಾಪಾಟನ್‌ನಲ್ಲಿ ಅವರ ಜನನ. ಮುಂಬಯಿಯಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ನಾಥದ್ವಾರದಲ್ಲಿ ವಿದ್ಯುತ್ ಸಾಮಾನಿನ ಸಣ್ಣ ಅಂಗಡಿ ಇಟ್ಟರು. 1938ರಲ್ಲಿ ಇಂದುಬಾಲಾ ಅವರನ್ನು ಅಂತರ್ಜಾತಿ ವಿವಾಹವಾದರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ವಿರೋಧ ಬಂದರೂ ಹಿಂಜರಿಯಲಿಲ್ಲ. ಮೇವಾಡ ಪ್ರಜಾಮಂಡಲದಲ್ಲಿ ದುಡಿದು ಸಾರ್ವಜನಿಕ ಜೀವನಕ್ಕೆ ಬಂದರು.

1954ರಲ್ಲಿ, 38ನೇ ವಯಸ್ಸಿಗೇ ರಾಜಸ್ಥಾನದ ಮುಖ್ಯಮಂತ್ರಿಯಾದರು. 1967ರ ಕೆಲವು ವಾರಗಳನ್ನು ಬಿಟ್ಟರೆ 1971ರವರೆಗೂ ಅವರೇ. ಗೇಣಿದಾರರಿಗೆ ಹಕ್ಕು ಕೊಟ್ಟ 1955ರ ಕಾಯಿದೆ ಬಂದದ್ದು, 1959ರಲ್ಲಿ ನಾಗೌರ್‌ನಲ್ಲಿ ಪಂಚಾಯತ್ ರಾಜ್ ಆರಂಭವಾದದ್ದು ಅವರ ಕಾಲದಲ್ಲೇ.

1972ರ ಫೆಬ್ರವರಿ 1ರಂದು ಬೆಂಗಳೂರಿನ ರಾಜಭವನಕ್ಕೆ ಬಂದಾಗ ಇಲ್ಲಿ ರಾಷ್ಟ್ರಪತಿ ಆಡಳಿತವಿತ್ತು. ಚುನಾವಣೆ ಮುಗಿದು ಮಾರ್ಚ್ 20ರಂದು ದೇವರಾಜ ಅರಸರು ಮುಖ್ಯಮಂತ್ರಿಯಾದರು. ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯಕ್ಕೂ ರಾಜ್ಯಪಾಲರೇ ಕುಲಾಧಿಪತಿ. 1974ರ ಭೂಸುಧಾರಣೆ ಬಂದದ್ದೂ ಇದೇ ಅವಧಿಯಲ್ಲಿ. ಕರಾವಳಿಯ ಎಷ್ಟೋ ಜೈನ ಮನೆತನಗಳ ಗೇಣಿ ಭೂಮಿ ಆಗ ಒಕ್ಕಲಿನವರ ಕೈಸೇರಿತು. ಆ ನೋವನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಉಳುವವರ ಮನೆಯಲ್ಲಿ ಅಂದು ದೀಪ ಹತ್ತಿತೆಂಬುದೂ ಅಷ್ಟೇ ನಿಜ.

1976ರ ಜನವರಿಯಲ್ಲಿ ಇಲ್ಲಿಂದ ತೆರಳಿ ಆಂಧ್ರ, ತಮಿಳುನಾಡುಗಳಲ್ಲೂ ರಾಜ್ಯಪಾಲರಾದರು. 1980ರಲ್ಲಿ ಉದಯಪುರದಿಂದ ಲೋಕಸಭೆಗೆ ಆರಿಸಿಬಂದರು. 1982ರ ಫೆಬ್ರವರಿ 2ರಂದು ನಿಧನರಾದರು. ಉದಯಪುರದ ವಿಶ್ವವಿದ್ಯಾನಿಲಯ ಇಂದು ಅವರ ಹೆಸರಿನಲ್ಲಿದೆ.

ಸಣ್ಣ ಅಂಗಡಿಯಿಂದ ಬದುಕು ಶುರುಮಾಡುವ ನಮ್ಮ ಮಕ್ಕಳಿಗೆ ಈ ಹೆಸರು ತಿಳಿದಿರಲಿ.